ತಾಮ್ರಕ್ಕೆ ಬೆಳ್ಳಿಯ ತೇಪೆ

ಬೆಂಗಳೂರಿನ ಕಲಾಸಿಪಾಳ್ಯದ ಓಣಿಯೊಂದರ ಗ್ಯಾಸ್ ವೆಲ್ಡಿಂಗ್ ಅಂಗಡಿ. ಮೇಜಿನ ಮೇಲೆ ಇಟಲಿಯ ಎಸ್ಪ್ರೆಸೊ ಯಂತ್ರವೊಂದರ ಬಾಯ್ಲರು ಅಡ್ಡ ಮಲಗಿದೆ. ಬಚ್ಚಲುಮನೆಯ ಹಂಡೆಯನ್ನು ಉರುಳಿಸಿ, ಬಾಯಿ ಮುಚ್ಚಿಟ್ಟ ಹಾಗಿದೆ. ಮೈ ತಾಮ್ರದ್ದು, ತುದಿಯ ಫ್ಲ್ಯಾಂಜು ಹಿತ್ತಾಳೆಯದು. ಹೊಟ್ಟೆಯಡಿ ಹಸಿರು ಕಿಲುಬಿನ ಗೆರೆಯೊಂದು ಇಳಿದಿದೆ. ಸೋರಿದ ಬಿಸಿನೀರು ಆರಿ ಆರಿ ಬಿಟ್ಟ ಗುರುತು ಅದು.

“ಯಜಮಾನ್ರೇ, ಇದು ರಿಪೇರಿ ಆಗುತ್ತಾ? ಹೊಸದು ಬರೋಕೆ ವಾರಗಟ್ಟಲೆ ಕಾಯ್ಬೇಕಂತೆ” ಎನ್ನುತ್ತಾನೆ ಕೆಫೆ ನಡೆಸುವ ಹುಡುಗ.

“ತಾಮ್ರ ಅಲ್ವೇನಪ್ಪಾ, ಆಗದೆ ಏನು? ಮೊದ್ಲು ಹಿತ್ತಾಳೆ ನೋಡೋಣ ತಾಳು.”

ಯಜಮಾನರು ಅರದಿಂದ ಫ್ಲ್ಯಾಂಜಿನ ಅಂಚನ್ನು ಒಮ್ಮೆ ತಿಕ್ಕುತ್ತಾರೆ. ಒಳಗಿಂದ ಹಳದಿ ಹೊಳೆಯುತ್ತದೆ. ತಿಕ್ಕಿದ ಜಾಗ ಕೆಂಪಗೆ ಕಂಡಿದ್ದರೆ ಹಿತ್ತಾಳೆಯೊಳಗಿನ ಸತು ಕರಗಿಹೋಗಿದೆ, ಉಳಿದಿರುವುದು ಪೊಳ್ಳು ತಾಮ್ರ ಎಂದು ಅರ್ಥ. ಅಂಥದ್ದಕ್ಕೆ ಅವರು ಕೈ ಹಾಕುವುದಿಲ್ಲ. ರಿಪೇರಿ ಬಲ್ಲವರ ದೊಡ್ಡತನ ನನಗೆ ಕಾಣುವುದು ಈ ‘ಬೇಡ’ದಲ್ಲಿಯೇ.

ಒಳಗೆ ಬೋರ್‌ವೆಲ್ ನೀರಿನ ಸುಣ್ಣ ಪದರಪದರವಾಗಿ ಕಟ್ಟಿದೆ. ಯಂತ್ರ ನಡೆಯುವಾಗ ಹಬೆಯ ಒತ್ತಡ ಸುಮಾರು 1.1 ಬಾರ್, ನೀರಿನ ಬಿಸಿ 120 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸು. ಹಬೆ ಹೊರಗೆ ಹೋಗುತ್ತದೆ, ಸುಣ್ಣ ಒಳಗೇ ಉಳಿಯುತ್ತದೆ. ಬೆಚ್ಚಗಿನ ಸಿಟ್ರಿಕ್ ಆಮ್ಲ ಸುರಿದರೆ ನೊರೆಯುಕ್ಕಿ ಸುಣ್ಣವೆಲ್ಲ ಬಿಟ್ಟುಕೊಂಡು ಬರುತ್ತದೆ. ಹಾಗೆಂದು ಆಮ್ಲದಲ್ಲೇ ಮರೆತು ಬಿಡುವಂತಿಲ್ಲ, ಅದು ಲೋಹವನ್ನೂ ತಿನ್ನುತ್ತದೆ. ತೊಳೆದ ಮೇಲೆ ಅಂಗಡಿಯ ಷಟರ್ ಎಳೆದು, ಬಾಯ್ಲರಿನೊಳಗೆ ಪುಟ್ಟ ಬಲ್ಬು ಇಳಿಬಿಡುತ್ತಾರೆ. ಕತ್ತಲಲ್ಲಿ ಪೈಪಿನ ಮೂತಿಯ ಬುಡದಲ್ಲಿ ಸೂಜಿಮೊನೆಯಷ್ಟು ಬೆಳಕು. ಅದರ ಪಕ್ಕದಲ್ಲೇ ಇನ್ನೊಂದು.

ತೂತಿನ ಸುತ್ತ ಎಮೆರಿ ಕಾಗದ ಉಜ್ಜಿ ತಾಮ್ರ ನಸುಗೆಂಪಗೆ ಹೊಳೆಯುವಂತೆ ಮಾಡುತ್ತಾರೆ. ಅಷ್ಟೇ ಬಾಗಿದ ತಾಮ್ರದ ತುಂಡೊಂದನ್ನು ಬಡಿದು ಕೂರಿಸುತ್ತಾರೆ. ನಡುವೆ ಮಿಲಿಮೀಟರಿನ ಹತ್ತನೇ ಒಂದರಷ್ಟು ಸಂದು ಸಾಕು. ಹೆಚ್ಚಾದರೆ ಬೆಸುಗೆಯ ಬೆಳ್ಳಿ ಏರುವುದಿಲ್ಲ. ಮೇಲೆ ಫ್ಲಕ್ಸ್ ಬಳಿಯುತ್ತಾರೆ. ಅಕ್ಕಸಾಲಿಗರು ಬಿಳಿಗಾರ ಹಚ್ಚುವುದು ಯಾತಕ್ಕೋ ಇದೂ ಅದಕ್ಕೇ: ಕಾದ ಲೋಹಕ್ಕೆ ಕಿಟ್ಟ ಹಿಡಿಯಬಾರದು.

ಜ್ವಾಲೆ ತೇಪೆಯ ಮೇಲೆ ನಿಲ್ಲುವುದಿಲ್ಲ, ಸುತ್ತಲೂ ಅಲೆಯುತ್ತದೆ. ತಾಮ್ರ ಶಾಖವನ್ನು ಒಂದೆಡೆ ನಿಲ್ಲಗೊಡದು, ಆದ್ದರಿಂದ ಇಡೀ ಹೊಟ್ಟೆಯೇ ಕಾಯಬೇಕು. ಫ್ಲಕ್ಸ್ ಮೊದಲು ಬೆಳ್ಳಗೆ ಉಬ್ಬುತ್ತದೆ, ಆಮೇಲೆ ಕರಗಿ ತಿಳಿಯಾಗುತ್ತದೆ. ಯಜಮಾನರು ಕಾಯುತ್ತಿದ್ದದ್ದು ಅದನ್ನೇ. ಶೇ. 45 ಬೆಳ್ಳಿಯಿರುವ ಕಡ್ಡಿಯ ತುದಿ ಮುಟ್ಟಿಸುತ್ತಾರೆ. 680 ಡಿಗ್ರಿಯೊಳಗೆ ಅದು ಪೂರ್ತಿ ಕರಗುತ್ತದೆ. ತಾಮ್ರಕ್ಕೆ 1085 ಬೇಕು. ಕಡ್ಡಿಯನ್ನು ಕರಗಿಸಿದ್ದು ಜ್ವಾಲೆಯಲ್ಲ, ಕಾದ ತಾಮ್ರ. ಬೆಳ್ಳಿ ಸರಕ್ಕನೆ ಸಂದಿನೊಳಗೆ ನುಗ್ಗಿ, ತೇಪೆಯ ಆಚೆ ಅಂಚಿನಲ್ಲಿ ಸಣ್ಣ ಗೆರೆಯಾಗಿ ಹೊರಬರುತ್ತದೆ. ಎರಡು ಕ್ಷಣದ ಕೆಲಸ. ಅಷ್ಟು ಚೆಂದದ್ದನ್ನು ನಾನು ಯಾವ ಕಾರ್ಖಾನೆಯಲ್ಲೂ ನೋಡಿಲ್ಲ.

ಸೀಸದ ಬೆಸುಗೆ ಅಗ್ಗ, ಸುಲಭವೂ ಹೌದು. ಜನ ಕುಡಿಯುವ ನೀರಿಗೆ ಅದು ವಿಷ. ಕ್ಯಾಡ್ಮಿಯಂ ಬೆರೆತ ಹಳೆಯ ಕಡ್ಡಿಯ ಹೊಗೆ ಬೆಸೆಯುವವರನ್ನೇ ಕೊಲ್ಲಬಲ್ಲದು. ಎರಡೂ ಈ ಅಂಗಡಿಯಲ್ಲಿಲ್ಲ.

ಪರೀಕ್ಷೆ ನೀರಿನಿಂದ. ಗಾಳಿಯೇ ಉಳಿಯದಂತೆ ತುಂಬಿಸಿ, ಕೈಪಂಪಿನಿಂದ ಒತ್ತಡವನ್ನು 3 ಬಾರ್‌ಗೆ ಏರಿಸುತ್ತಾರೆ. ಗಾಳಿ ತುಂಬಿ ನೋಡುವುದು ಪ್ರಾಣಕ್ಕೆ ಸಂಚಕಾರ: ಬೆಸುಗೆ ಬಿಟ್ಟರೆ ನೀರು ಚಿಮ್ಮಿ ಸುಮ್ಮನಾಗುತ್ತದೆ, ಅದುಮಿಟ್ಟ ಗಾಳಿ ಸಿಡಿಯುತ್ತದೆ. ಅರ್ಧ ಗಂಟೆಯಾದರೂ ಒತ್ತಡಮಾಪಕದ ಮುಳ್ಳು ಅಲುಗುವುದಿಲ್ಲ, ತೇಪೆಯ ಸುತ್ತ ಒರೆಸಿದ ಬಟ್ಟೆಗೆ ಪಸೆಯಿಲ್ಲ.

“ಸೇಫ್ಟಿ ವಾಲ್ವ್ ಮಾತ್ರ ಹೊಸದು ಹಾಕ್ಸು. ಅದನ್ನ ನಾನು ಮುಟ್ಟಲ್ಲ.”

“ಆಯ್ತು ಯಜಮಾನ್ರೇ. ಗ್ಯಾಸ್ಕೆಟ್ಟು?”

“ಅದೂ ಹೊಸದೇ. ಮತ್ತೆ ನೀರಿಗೆ ಸಾಫ್ಟನರ್ ಹಾಕ್ಸಪ್ಪಾ, ಇವತ್ತೇ ಹೇಳ್ಬಿಡು.”

ಹುಡುಗ ಅಲ್ಲಿಂದಲೇ ಫೋನು ಹಚ್ಚಿದ.