ಅಲೆಗಳ ಮೇಲೆ ಅವಳಿ ಎಂಜಿನಿನ ದೋಣಿ

೧೯೬೦ನೆಯ ಇಸವಿಯಲ್ಲಿ ಅಮೆರಿಕದ ಮಯಾಮಿ ನಗರದಿಂದ ಬಹಾಮಾ ದ್ವೀಪಗಳ ನಾಸೋ ಬಂದರಿನವರೆಗೆ ಮೋಟಾರು ದೋಣಿಗಳ ಪಂದ್ಯವೊಂದು ನಡೆಯಿತು. ದೂರ ಸುಮಾರು ೧೬೦ ನಾಟಿಕಲ್ ಮೈಲಿ. (ನಾಟಿಕಲ್ ಮೈಲಿಯೆಂದರೆ ೧,೮೫೨ ಮೀಟರು, ಗಂಟೆಗೆ ಅಷ್ಟು ದೂರ ಸಾಗುವ ವೇಗಕ್ಕೆ ಒಂದು ನಾಟ್ ಎಂದು ಹೆಸರು.) ಅಂದು ಕಡಲು ಕೆರಳಿತ್ತು. ಗಾಳಿಯ ವೇಗ ೩೦ ನಾಟ್‌ಗಳಷ್ಟಿದ್ದು, ಎದುರಿನಿಂದ ಬರುವ ಅಲೆಗಳು ೮ ಅಡಿ ಎತ್ತರಕ್ಕೆ ಏಳುತ್ತಿದ್ದವು. ಅಂಥ ಕಡಲಿನಲ್ಲಿ ಸುಮಾರು ೩೦ ಅಡಿ ಉದ್ದದ ಮರದ ದೋಣಿಯೊಂದು ೮ ಗಂಟೆಗಳಲ್ಲಿ ನಾಸೋವನ್ನು ಸೇರಿತು. ಎರಡನೆಯ ದೋಣಿ ಬಂದದ್ದು ಎರಡು ಗಂಟೆಗಳ ತರುವಾಯ. ಉಳಿದವುಗಳಲ್ಲಿ ಗುರಿ ಮುಟ್ಟಿದ ದೋಣಿಗಳು ಮರುದಿನ ಬಂದವು! ಗೆದ್ದ ದೋಣಿಯ ಹೆಸರು ‘ಮಾಪಿ’. ಅದರ ಒಡೆಯ ರಿಚರ್ಡ್ ಬರ್ಟ್ರಮ್, ವಿನ್ಯಾಸಕಾರ ರೇಮಂಡ್ ಹಂಟ್. ಎರಡನೆಯದಾಗಿ ಬಂದದ್ದೂ ಹಂಟನೇ ರೂಪಿಸಿದ ದೋಣಿಯಾಗಿತ್ತು.

ಮಾಪಿಯಲ್ಲಿ ಎರಡು ಪೆಟ್ರೋಲ್ ಎಂಜಿನುಗಳಿದ್ದವು. ಗೆಲುವು ಅವುಗಳ ಬಲದಿಂದಲೇ ಬಂದಿರಬೇಕೆಂದು ತೋರುವುದು ಸಹಜ. ಆದರೆ ಕೆರಳಿದ ಕಡಲಿನಲ್ಲಿ ವೇಗವನ್ನು ನಿರ್ಣಯಿಸುವುದು ಎಂಜಿನಿಗಿಂತ ಹೆಚ್ಚಾಗಿ ದೋಣಿಯ ತಳದ ಆಕಾರ ಮತ್ತು ನಡೆಸುವವನ ಕೈ. ಇದು ಹೇಗೆಂಬುದನ್ನು ನೋಡೋಣ.

ನಿಧಾನವಾಗಿ ಸಾಗುವ ದೋಣಿ ನೀರನ್ನು ಪಕ್ಕಕ್ಕೆ ಸರಿಸುತ್ತ ಹೋಗುತ್ತದೆ. ಸರಿದ ನೀರು ಅಲೆಯಾಗಿ ಏಳುತ್ತದೆ. ವೇಗ ಹೆಚ್ಚಿದಂತೆ ಈ ಅಲೆಯ ಉದ್ದವೂ ಹೆಚ್ಚುತ್ತದೆ. ಅಲೆಯ ಉದ್ದ ದೋಣಿಯ ಉದ್ದಕ್ಕೆ ಸಮನಾದಾಗ ದೋಣಿಯು ತಾನೇ ಎಬ್ಬಿಸಿದ ದಿಬ್ಬವನ್ನು ತಾನೇ ಹತ್ತಬೇಕಾಗುತ್ತದೆ. ನೀರಿನ ಮಟ್ಟದಲ್ಲಿ ದೋಣಿ ಎಷ್ಟು ಅಡಿ ಉದ್ದವಿದೆಯೋ ಆ ಸಂಖ್ಯೆಯ ವರ್ಗಮೂಲವನ್ನು ೧.೩೪ರಿಂದ ಗುಣಿಸಿದರೆ ಈ ಎಲ್ಲೆಯ ವೇಗ ನಾಟ್‌ಗಳಲ್ಲಿ ದೊರೆಯುತ್ತದೆ. ೨೫ ಅಡಿಗೆ ಅದು ೬.೭ ನಾಟ್ ಮಾತ್ರ. ಮಾಪಿಯ ಸರಾಸರಿ ವೇಗ ಇದರ ಮೂರರಷ್ಟು!

ಕೆರೆಯ ನೀರಿನ ಮೇಲೆ ಚಪ್ಪಟೆ ಕಲ್ಲನ್ನು ಕುಪ್ಪಳಿಸುವಂತೆ ಎಸೆಯುವ ಆಟವನ್ನು ಆಡದ ಹುಡುಗರು ವಿರಳ. ಕಲ್ಲಿಗೆ ತೇಲುವ ಗುಣವಿಲ್ಲ. ಆದರೂ ವೇಗವಿರುವವರೆಗೆ ನೀರು ಅದನ್ನು ಮೇಲಕ್ಕೆ ಒತ್ತುತ್ತದೆ. ವೇಗದ ದೋಣಿಯೂ ಹೀಗೆಯೇ ನೀರಿನಿಂದ ಮೇಲೆದ್ದು ಅದರ ಮೇಲ್ಮೈಯಲ್ಲಿ ಜಾರುತ್ತದೆ. ಏಳುವ ಮುನ್ನ ಮೂತಿ ಮೇಲಾಗಿ, ಹಿಂಭಾಗ ಕುಸಿದು, ಎಂಜಿನುಗಳು ಏದುಸಿರು ಬಿಡುತ್ತವೆ. ಆ ಘಟ್ಟವನ್ನು ದಾಟಿತೆಂದರೆ ಮೂತಿ ಬಾಗಿ, ವೇಗ ತಟ್ಟನೆ ಏರುತ್ತದೆ.

ಜಾರುವುದಕ್ಕೆ ಚಪ್ಪಟೆಯಾದ ತಳವೇ ಉತ್ತಮ, ನೀರು ಶಾಂತವಾಗಿದ್ದರೆ. ಅಲೆಗಳಿದ್ದಾಗ ಕಥೆಯೇ ಬೇರೆ. ಒಂದು ಲೆಕ್ಕ ಮಾಡಿ ನೋಡೋಣ. ದೋಣಿ ಅಲೆಯ ನೆತ್ತಿಯಿಂದ ಹಾರಿ ಒಂದು ಮೀಟರು ಕೆಳಕ್ಕೆ ಬಿತ್ತೆಂದು ಭಾವಿಸಿರಿ. ಚಪ್ಪಟೆ ತಳವಾದರೆ ನೀರಿಗೆ ಅಪ್ಪಳಿಸಿ ೫ ಸೆಂಟಿಮೀಟರಿನೊಳಗೇ ಬೀಳುವಿಕೆ ನಿಂತೀತು. ಬಿದ್ದ ಎತ್ತರವನ್ನು ನಿಲ್ಲಲು ಬೇಕಾದ ದೂರದಿಂದ ಭಾಗಿಸಿದರೆ ೨೦ ಬರುತ್ತದೆ. ಎಂದರೆ ಗುರುತ್ವ ವೇಗೋತ್ಕರ್ಷದ ಇಪ್ಪತ್ತರಷ್ಟು ಪೆಟ್ಟು. ಕತ್ತಿಯಂತೆ ನೀರನ್ನು ಸೀಳಿಕೊಂಡು ಅರ್ಧ ಮೀಟರು ಇಳಿದು ನಿಲ್ಲುವ ತಳವಾದರೆ ಅದು ಎರಡರಷ್ಟು ಮಾತ್ರ. ಗಂಟೆಗೆ ೩೦ ನಾಟಿಕಲ್ ಮೈಲಿ ವೇಗದಲ್ಲಿ, ೨೦ ಮೀಟರು ಉದ್ದದ ಅಲೆಗಳಿಗೆ ಎದುರಾಗಿ ಹೋಗುವವನಿಗೆ ಸೆಕೆಂಡಿಗೊಂದರಂತೆ ಅಲೆ ಸಿಕ್ಕುತ್ತದೆ. ಬೆನ್ನೆಲುಬು ಇದನ್ನು ಎಷ್ಟು ಹೊತ್ತು ತಾಳೀತು? ಬಲವುಳ್ಳ ಎಂಜಿನಿದ್ದೂ ಚಪ್ಪಟೆ ತಳದ ದೋಣಿಯವನು ವೇಗ ತಗ್ಗಿಸಲೇಬೇಕು.

ಹಂಟ್ ಮಾಡಿದ್ದು ಇಷ್ಟೇ: ತಳವನ್ನು ಇಂಗ್ಲಿಷಿನ ‘ವಿ’ ಅಕ್ಷರದಂತೆ ಚೂಪಾಗಿಸಿ, ಆ ಚೂಪನ್ನು ಮೂತಿಯಿಂದ ಹಿಂದಿನ ಕೊನೆಯವರೆಗೂ ಉಳಿಸಿಕೊಂಡ. ಅವನ ದೋಣಿಗಳ ಹಿಂತುದಿಯಲ್ಲಿಯೂ ತಳವು ಅಡ್ಡಮಟ್ಟದಿಂದ ಸುಮಾರು ೨೪ ಡಿಗ್ರಿ ಮೇಲಕ್ಕೆ ಓರೆಯಾಗಿತ್ತು. ಅಂದಿನ ಇತರ ದೋಣಿಗಳ ತಳ ಮುಂದೆ ಚೂಪಾಗಿದ್ದರೂ ಹಿಂದೆ ಚಪ್ಪಟೆಯಾಗುತ್ತಿತ್ತು. ತಳದ ಉದ್ದಕ್ಕೂ ಕೂಡಿಸಿದ ಕಿರಿದಾದ ಪಟ್ಟಿಗಳು ಮೇಲೆ ಹರಿದು ಬರುವ ನೀರನ್ನು ಹೊರಕ್ಕೆ ಚೆಲ್ಲಿ, ದೋಣಿಯನ್ನು ತುಸು ಎತ್ತಿಯೂ ಹಿಡಿಯುತ್ತವೆ. ೧೯೫೮ರಲ್ಲಿ ನ್ಯೂಪೋರ್ಟಿನ ಬಳಿ ಹಂಟನ ಇಂಥ ಚಿಕ್ಕ ದೋಣಿಯೊಂದು ಅಲೆಗಳ ನಡುವೆ ನಿರಾಯಾಸವಾಗಿ ಓಡುವುದನ್ನು ಕಂಡು ಬೆರಗಾದ ಬರ್ಟ್ರಮ್ ಮಾಪಿಯನ್ನು ಕಟ್ಟಿಸಿದನು. ಈ ತಳಕ್ಕೆ ತೆರಬೇಕಾದ ಬೆಲೆಯೂ ಉಂಟು. ನೀರಿನಿಂದೇಳಲು ಹೆಚ್ಚು ಬಲ ಬೇಕು, ಹೆಚ್ಚು ಇಂಧನ ಬೇಕು. ನಿಂತಾಗ ದೋಣಿ ಅತ್ತಿತ್ತ ಹೊರಳಾಡುತ್ತದೆ. ಒಳನಾಡಿನ ಸರೋವರದಲ್ಲಿ ಓಡಾಡುವವನಿಗೆ ಇದು ದಂಡವೆಂದೇ ನಮ್ಮ ಎಣಿಕೆ.

ಇನ್ನು ನಡೆಸುವವನ ಕೈಯ ಮಾತು. ಪಂದ್ಯದ ದೊಡ್ಡ ದೋಣಿಗಳಲ್ಲಿ ಸಾಮಾನ್ಯವಾಗಿ ಒಬ್ಬನು ಚುಕ್ಕಾಣಿ ಹಿಡಿದರೆ ಇನ್ನೊಬ್ಬನು ಎಂಜಿನಿನ ವೇಗವನ್ನು ಹತೋಟಿಯಲ್ಲಿಡುವ ಸನ್ನೆಗಳನ್ನು ಹಿಡಿದಿರುತ್ತಾನೆ. ದೋಣಿ ಅಲೆಯಿಂದ ಹಾರಿದಾಗ ಪ್ರೊಪೆಲರುಗಳು ನೀರು ಬಿಟ್ಟು ಗಾಳಿಯಲ್ಲಿ ತಿರುಗುತ್ತವೆ. ಗಾಳಿಗಿಂತ ನೀರು ಸುಮಾರು ೮೦೦ ಪಟ್ಟು ಸಾಂದ್ರ. ಆದುದರಿಂದ ಹೊರೆ ತಪ್ಪಿದ ಎಂಜಿನು ಹುಚ್ಚೆದ್ದು ಓಡುತ್ತದೆ. ನೀರಿಗೆ ಮರಳಿದೊಡನೆ ಆ ಓಟಕ್ಕೆ ತಡೆ ಬಿದ್ದು ಗಿಯರುಗಳು ಮುರಿಯಬಹುದು. ಹಾರುವ ಕ್ಷಣಕ್ಕೆ ಸರಿಯಾಗಿ ವೇಗ ತಗ್ಗಿಸಿ, ಇಳಿಯುವಾಗ ಮತ್ತೆ ಕೊಡುವುದು ಆ ಎರಡನೆಯವನ ಕೆಲಸ. ಹಿಂದಿನಿಂದ ಬರುವ ಅಲೆ ಎದುರಲೆಗಿಂತ ಮೃದುವೆನಿಸಿದರೂ ಹೆಚ್ಚು ವಂಚಕ. ಮೂತಿ ಮುಂದಿನ ಅಲೆಯಲ್ಲಿ ನೆಟ್ಟುಕೊಂಡರೆ, ಹಿಂಭಾಗವನ್ನು ನೀರು ಪಕ್ಕಕ್ಕೆ ತಳ್ಳಿ ದೋಣಿಯನ್ನು ಅಡ್ಡ ತಿರುಗಿಸಿ ಮಗುಚಬಲ್ಲದು. ಅದಕ್ಕಾಗಿ ಹಿಂತುದಿಯ ರೆಕ್ಕೆಗಳನ್ನು ಎತ್ತಿ, ಮೂತಿಯನ್ನು ಮೇಲಿರಿಸಿಕೊಂಡು ಹೋಗುತ್ತಾರೆ.

ಒಂದೇ ಅಲೆ ಸಾಕು. ಮೋಟಾರು ಕಾರುಗಳ ಪಂದ್ಯದಲ್ಲಿ ಹೆಸರಾಗಿದ್ದ ಫ್ರಾನ್ಸಿನ ದಿದಿಯೇ ಪಿರೋನಿಯು ೧೯೮೭ರ ಆಗಸ್ಟಿನಲ್ಲಿ ಇಂಗ್ಲೆಂಡಿನ ವೈಟ್ ದ್ವೀಪದ ಬಳಿ ದೋಣಿಪಂದ್ಯದಲ್ಲಿದ್ದನು. ತೈಲದ ಹಡಗೊಂದು ಎಬ್ಬಿಸಿದ ಅಲೆಯ ಮೇಲೆ ಅವನ ದೋಣಿ ಹಾರಿ ಮಗುಚಿತು. ಪಿರೋನಿಯೂ ಜೊತೆಯ ಇಬ್ಬರೂ ಮಡಿದರು.

ಎಂಜಿನುಗಳು ಎರಡೇಕೆ? ಒಂದು ಕೆಟ್ಟರೆ ಇನ್ನೊಂದಿದೆ ಎಂಬುದು ಮೊದಲ ಉತ್ತರ. ಆದರೆ ಅರ್ಧ ಬಲ ಉಳಿದ ಮಾತ್ರಕ್ಕೆ ಅರ್ಧ ವೇಗ ಉಳಿಯುವುದಿಲ್ಲ. ಒಂದೇ ಎಂಜಿನಿನಿಂದ ಭಾರವಾದ ದೋಣಿ ಸಾಮಾನ್ಯವಾಗಿ ಮೇಲೇಳುವ ಘಟ್ಟವನ್ನು ದಾಟಲಾರದೆ, ಮತ್ತೆ ನೀರನ್ನು ಸರಿಸುತ್ತ ತೆವಳುತ್ತದೆ. ದಡ ಸೇರುವುದಕ್ಕೆ ಅಷ್ಟು ಸಾಕೆನ್ನಿ.

ಎರಡನೆಯ ಪ್ರಯೋಜನ ಬಂದರಿನೊಳಗೆ ಕಾಣುತ್ತದೆ. ಚುಕ್ಕಾಣಿಯ ಬಲ ಅದರ ಮೇಲೆ ಹರಿಯುವ ನೀರಿನ ವೇಗದಿಂದ ಬರುವಂಥದು. ದೋಣಿ ನಿಧಾನವಾದಾಗ ಅದು ಬಹುಮಟ್ಟಿಗೆ ನಿಷ್ಪ್ರಯೋಜಕ. ಆಗ ಬಲಗಡೆಯ ಎಂಜಿನನ್ನು ಮುಂದಕ್ಕೂ ಎಡಗಡೆಯದನ್ನು ಹಿಂದಕ್ಕೂ ಓಡಿಸಿದರೆ, ಎರಡು ಬಲಗಳೂ ಸೇರಿ ದೋಣಿಯನ್ನು ನಿಂತಲ್ಲಿಯೇ ಎಡಕ್ಕೆ ತಿರುಗಿಸುತ್ತವೆ. ಇದರ ಜೊತೆಗೆ ಇನ್ನೊಂದು ಸೂಕ್ಷ್ಮವಿದೆ. ತಿರುಗುವ ಪ್ರೊಪೆಲರು, ಕಡಲ ತಳದ ಮೇಲೆ ಉರುಳುವ ಚಕ್ರವೋ ಎಂಬಂತೆ, ದೋಣಿಯ ಹಿಂಭಾಗವನ್ನು ಸ್ವಲ್ಪ ಪಕ್ಕಕ್ಕೂ ಎಳೆಯುತ್ತದೆ. ಮುಂದಕ್ಕೆ ಹೋಗುವಾಗ ಎರಡು ಪ್ರೊಪೆಲರುಗಳೂ ಮೇಲ್ಭಾಗದಲ್ಲಿ ಹೊರಮುಖವಾಗಿ, ಒಂದಕ್ಕೊಂದು ವಿರುದ್ಧವಾಗಿ ತಿರುಗುವಂತೆ ಜೋಡಿಸಿದ್ದರೆ ಈ ಎಳೆತಗಳು ಪರಸ್ಪರ ರದ್ದಾಗುತ್ತವೆ; ಒಂದನ್ನು ಹಿಂದಕ್ಕೆ ಓಡಿಸಿದಾಗಲಾದರೋ ಎರಡೂ ಒಂದೇ ಕಡೆಗೆ ಕೂಡಿಕೊಂಡು ತಿರುವಿಗೆ ನೆರವಾಗುತ್ತವೆ. ನುರಿತ ನಾವಿಕನು ಬಂದರಿನೊಳಗೆ ಚುಕ್ಕಾಣಿಯನ್ನು ನಡುವಿನಲ್ಲಿ ನಿಲ್ಲಿಸಿ, ಅದನ್ನು ಮುಟ್ಟದೆಯೇ, ಎರಡು ಸನ್ನೆಗಳನ್ನು ಹಿಂದೆ ಮುಂದೆ ಆಡಿಸುತ್ತ ದೋಣಿಯನ್ನು ಕಟ್ಟೆಯ ಪಕ್ಕಕ್ಕೆ ತಂದು ನಿಲ್ಲಿಸುತ್ತಾನೆ.