ಸಿಂಕ್ ಕಟ್ಟಿಕೊಂಡರೆ ಯಾವ ಪ್ಲಂಜರ್?

ಶಾರ್ಜಾದ ನಮ್ಮ ರೂಮಿನಲ್ಲಿ ಆರು ಜನ, ಒಂದೇ ಸಿಂಕು. ಅನ್ನದ ಅಗುಳು, ಎಣ್ಣೆ ಸೇರಿ ನೀರು ನಿಂತಾಗ ಪ್ಲಂಬರ್‌ಗೆ 150 ದಿರ್ಹಾಂ ಕೊಟ್ಟೆವು. ಖರ್ಚಿನ ಲೆಕ್ಕ ಬರೆಯೋನು ನಾನೇ. ಮಾರನೇ ದಿನವೇ ಎರಡು ಪ್ಲಂಜರ್ ತಂದಿಟ್ಟೆ. ಸಿಂಕಿಗೆ ಅಂಚು ಸಮತಟ್ಟಾಗಿರೋ ರಬ್ಬರ್ ಬಟ್ಟಲಿನದು; ಕಮೋಡಿಗೆ ಬಟ್ಟಲಿನ ಕೆಳಗೆ ಇನ್ನೊಂದು ರಬ್ಬರ್ ಕೊರಳು ಚಾಚಿರೋದು.

ಬಟ್ಟಲು ಮುಳುಗುವಷ್ಟು ನೀರಿರಲಿ. ಸಿಂಕಿನಲ್ಲಿ ಬೇರೆ ತೂತಿದ್ದರೆ ಒದ್ದೆ ಬಟ್ಟೆಯಿಂದ ಮುಚ್ಚಿ, ಇಲ್ಲದಿದ್ದರೆ ಒತ್ತಡವೆಲ್ಲ ಅಲ್ಲಿಂದಲೇ ಹೋಗಿಬಿಡುತ್ತೆ. ಮೊದಲು ಮೆಲ್ಲಗೆ ಒತ್ತಿ, ಆಮೇಲೆ 15–20 ಸಲ ಜೋರಾಗಿ. ಒತ್ತೋದಷ್ಟೇ ಅಲ್ಲ, ಎಳೆಯೋದೂ ಜೋರಾಗಿರಬೇಕು.

ಯಾರಾದರೂ ಆಗಲೇ ಡ್ರೈನ್ ಕ್ಲೀನರ್ ಸುರಿದಿದ್ದರೆ ಮಾತ್ರ ಪ್ಲಂಜರ್ ಮುಟ್ಟಲೇಬೇಡಿ. ಆ ನೀರು ಚಿಮ್ಮಿ ಕಣ್ಣಿಗೆ ಬಿದ್ದರೆ 150 ದಿರ್ಹಾಂಗೆ ಮುಗಿಯಲ್ಲ. ಪ್ಲಂಬರ್ ಕರೆಸಿ, ಏನು ಸುರಿದಿದೆ ಅಂತ ಅವರಿಗೂ ಮೊದಲೇ ಹೇಳಿ.