ಪಾಲಾದರೂ ಒಡೆಯದ ಮನೆಗಳು

1974ರಲ್ಲಿ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿ ಒಂದು ಪ್ರದರ್ಶನ ನಡೆಯಿತು. ಕಂಬಗಳು ಉರುಳಿಬೀಳುತ್ತಿರುವಂತೆ ಕಟ್ಟಿದ ಒಂದು ಕೋಣೆ. ಆ ಕಂಬದ ತುಂಡುಗಳ ಮೇಲೆಲ್ಲ ಅದಾಗಲೇ ನೆಲಸಮವಾಗಿದ್ದ ಮನೆಗಳ ಫೋಟೊಗಳು. ಹಿನ್ನೆಲೆಯಲ್ಲಿ ಒಂದು ದನಿ ಆ ಮನೆಗಳ ಹೆಸರುಗಳನ್ನು ಒಂದೊಂದಾಗಿ ಓದುತ್ತಿತ್ತು. ಎಲ್ಲವೂ ಬ್ರಿಟನ್ನಿನ ಹಳ್ಳಿಗಾಡಿನಲ್ಲಿ ಸಾವಿರಾರು ಎಕರೆ ಜಮೀನಿನ ನಡುವೆ ತಲೆಯೆತ್ತಿ ನಿಂತಿದ್ದ ದೊಡ್ಡಮನೆಗಳು. ನೋಡಲು ಬಂದವರು ದಂಗಾದರು.

ಈ ಮನೆಗಳು ಬಿದ್ದಿದ್ದು ಒಂದೇ ಏಟಿಗಲ್ಲ. 1870ರ ದಶಕದಿಂದ ಅಮೆರಿಕದ ಅಗ್ಗದ ಗೋಧಿ ಬಂದು ಗೇಣಿಯ ಹುಟ್ಟುವಳಿ ಕುಸಿಯಿತು. ಯಜಮಾನ ಸತ್ತರೆ ಆಸ್ತಿಯ ಮೇಲೆ ಕಟ್ಟಬೇಕಾದ ತೆರಿಗೆ 1894ರಲ್ಲಿ ಹೊಸ ರೂಪ ತಾಳಿತು. ಮುಂದೆ ಅದರ ದರ ಏರುತ್ತಲೇ ಹೋಯಿತು. ಮೊದಲ ಮಹಾಯುದ್ಧಕ್ಕೆ ಹೋದ ವಾರಸುದಾರರಲ್ಲಿ ಎಷ್ಟೋ ಜನ ವಾಪಸಾಗಲಿಲ್ಲ, ಕೆಲಸದಾಳುಗಳು ಕಾರ್ಖಾನೆಯ ದಾರಿ ಹಿಡಿದರು. ಎರಡನೆಯ ಯುದ್ಧದಲ್ಲಿ ಸೈನ್ಯ ಬಂದು ಠಿಕಾಣಿ ಹೂಡಿ, ಹೋಗುವಾಗ ಸೋರುವ ಮಾಡು ಬಿಟ್ಟುಹೋಯಿತು. ಅಯ್ಯೋ ಎನ್ನುವ ಮೊದಲು ನಾವು ಒಂದು ಮಾತು ನೆನೆಯಬೇಕು: ಇಂಥ ವೈಭವಕ್ಕೆಲ್ಲ ಅಲ್ಲಿನ ಮಣ್ಣಿನ ದುಡ್ಡೇ ಸಾಕಾಗಿರಲಿಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಮುತ್ತಿದ ಸೇನೆಯ ದಂಡನಾಯಕ ಜಾರ್ಜ್ ಹ್ಯಾರಿಸ್, ಅಲ್ಲಿನ ಲೂಟಿಯಲ್ಲಿ ತನ್ನ ಪಾಲಿಗೆ ಬಂದ ಹಣದ ಬಲದಿಂದ 1801ರಲ್ಲಿ ಕೆಂಟ್‌ನ ಬೆಲ್ಮಾಂಟ್ ಎಸ್ಟೇಟನ್ನು ಕೊಂಡ. ಆ ಮನೆ ಇವತ್ತಿಗೂ ಗಟ್ಟಿಯಾಗಿದೆ.

ಬೀಳುವ ಹಾದಿಯಲ್ಲಿದ್ದ ಮನೆಗಳಿಗೆ ಮ್ಯೂಸಿಯಂ, ಹೋಟೆಲು, ಬೋರ್ಡಿಂಗ್ ಶಾಲೆ ಎಂಬ ಮೂರು ಮದ್ದುಗಳನ್ನೇ ಎಲ್ಲರೂ ಹೇಳುತ್ತಿದ್ದಾಗ ಕಿಟ್ ಮಾರ್ಟಿನ್ ಎಂಬಾತ ನಾಲ್ಕನೆಯದನ್ನು ಹಿಡಿದ. ಲಂಡನ್ನಿನ ರಾಯಲ್ ಫೆಸ್ಟಿವಲ್ ಹಾಲ್ ವಿನ್ಯಾಸದ ನೇತೃತ್ವ ವಹಿಸಿದ್ದ ಲೆಸ್ಲಿ ಮಾರ್ಟಿನ್‌ರ ಮಗ. ಅವನ ಮಾತು ಸರಳ: ಮನೆ ಕಟ್ಟಿದ್ದು ವಾಸಕ್ಕೆ, ವಾಸಕ್ಕೇ ಇರಲಿ, ಆದರೆ ಒಂದು ಕುಟುಂಬದ ಕೈಲಾಗದ್ದನ್ನು ಹತ್ತಿಪ್ಪತ್ತು ಕುಟುಂಬಗಳು ಹೊರಲಿ.

ಪಾಲು ಅಂದರೆ ನಮಗೆ ಗೊತ್ತಿರುವುದು ಬೇರೆ. ಅಣ್ಣತಮ್ಮಂದಿರು ಹಿಸ್ಸೆಯಾದಾಗ ತೊಟ್ಟಿಮನೆಯ ತೊಟ್ಟಿಯ ನಟ್ಟನಡುವೆ ಸಿಮೆಂಟ್ ಇಟ್ಟಿಗೆಯ ಗೋಡೆ ಏಳುತ್ತದೆ. ಬೆಳಕು ಇಬ್ಬರಿಗೂ ಇಲ್ಲ. ಇಂಗ್ಲೆಂಡಿನ ಬಿಲ್ಡರ್‌ಗಳು ಮಾಡುತ್ತಿದ್ದುದೂ ಹೆಚ್ಚುಕಡಿಮೆ ಇದನ್ನೇ. ಅಂತಸ್ತಿಗೊಂದರಂತೆ ಫ್ಲ್ಯಾಟು, ಎತ್ತರದ ಹಜಾರಕ್ಕೆ ಅಡ್ಡಗೋಡೆ, ಗಾರೆಯ ಹೂಬಳ್ಳಿಯಿದ್ದ ಛಾವಣಿಗೆ ತಟ್ಟಿಹೊದಿಕೆ. ಮಾರ್ಟಿನ್ ಅಡ್ಡಡ್ಡ ಕತ್ತರಿಸುವ ಬದಲು ಉದ್ದುದ್ದ ಸೀಳಿದ. ನೆಲದಿಂದ ಮಾಡಿನವರೆಗೆ ಒಂದು ಸೀಳು ಒಂದು ಮನೆ. ಹೀಗೆ ಮಾಡಿದರೆ ಹಳೆಯ ದಪ್ಪ ಗೋಡೆಗಳೇ ಎಲ್ಲೆಯಾಗುತ್ತವೆ. ಅತ್ತಿತ್ತ ಹೋಗುವ ಬಾಗಿಲುಗಳನ್ನಷ್ಟೇ ಮುಚ್ಚಿದರಾಯಿತು. ದೊಡ್ಡಮನೆಯೆಂದ ಮೇಲೆ ಮೆಟ್ಟಿಲುಗಳಿಗೇನು ಬರ? ಯಜಮಾನರಿಗೊಂದು, ಆಳುಗಳಿಗೊಂದು, ಮಕ್ಕಳ ಭಾಗಕ್ಕೊಂದು. ಅವು ಒಂದೊಂದು ಸೀಳಿಗೂ ಒದಗುತ್ತವೆ. ಒಬ್ಬನ ತಲೆಯ ಮೇಲೆ ಇನ್ನೊಬ್ಬನ ಮಂಚ ಇರದ ಕಾರಣ ಸದ್ದು, ಬೆಂಕಿ ತಡೆಯಲೆಂದು ಹಳೆಯ ಛಾವಣಿಗೆ ಕೈಹಾಕುವ ಪ್ರಮೇಯವೂ ಕಡಿಮೆ. ಪ್ರತಿ ಮನೆಗೂ ತನ್ನದೇ ಮುಂಬಾಗಿಲು. ದೊಡ್ಡ ಹಜಾರ ಯಾರ ಪಾಲಿಗೆ ಬಂದರೂ ಇಡಿಯಾಗಿಯೇ ಬರಬೇಕು ಎನ್ನುವುದು ಅವನ ಹಟ. ಅಂಗಳಕ್ಕೆ ಬೇಲಿಯಿಲ್ಲ, ಹುಲ್ಲುಹಾಸು ಎಲ್ಲರದು, ಖರ್ಚೂ ಎಲ್ಲರದು.

ನಾರ್ಫಕ್‌ನ ಗಂಟನ್ ಹಾಲ್ ಇದಕ್ಕೆ ಒಳ್ಳೆಯ ಉದಾಹರಣೆ. 1740ರ ದಶಕದಲ್ಲಿ ಮ್ಯಾಥ್ಯೂ ಬ್ರೆಟಿಂಗ್‌ಹ್ಯಾಮ್ ಹಾರ್ಬರ್ಡ್ ಮನೆತನಕ್ಕಾಗಿ ಕಟ್ಟಿದ್ದು, ಆಮೇಲೆ ಬೆಳೆದದ್ದು. 1882ರ ಬೆಂಕಿಯಲ್ಲಿ ಮುಖ್ಯ ಭಾಗ ಸುಟ್ಟು, ಸೂರಿಲ್ಲದ ಗೋಡೆಗಳು ನೂರು ವರ್ಷ ಮಳೆಗೆ ನೆನೆದವು. 1980ರಲ್ಲಿ ಮಾರ್ಟಿನ್ ಕೊಂಡಾಗ ಅಲ್ಲಿದ್ದದ್ದು ಅರ್ಧ ಮನೆ, ಅರ್ಧ ಪಾಳು. ಮುಖ್ಯ ಮನೆ, ಅದರ ರೆಕ್ಕೆಗಳು, ಸುತ್ತಲಿನ ಕಟ್ಟಡಗಳು ಒಂದೊಂದಾಗಿ ಬೇರೆಬೇರೆ ಮನೆಗಳಾದವು. ನನಗೆ ಮನೆಗಿಂತ ಹೆಚ್ಚಿನದಾಗಿ ಕಾಣುವುದು ಸುತ್ತಲಿನ ಪಾರ್ಕ್. ಉತ್ತು ಬಿತ್ತಿದ್ದ ಹೊಲವನ್ನು ಮತ್ತೆ ಹುಲ್ಲುಗಾವಲಾಗಿಸಿ ಜಿಂಕೆಗಳನ್ನು ಬಿಟ್ಟರು. 1820ರ ದಶಕದ, ಹುಲ್ಲು ಹೊದೆಸಿದ ಮಾಡಿನ ಒಂದು ಮರಕೊಯ್ಯುವ ಮಿಲ್ ಅಲ್ಲಿದೆ. ಕೆರೆಯ ನೀರೇ ಗರಗಸ ಓಡಿಸುತ್ತದೆ. ಅದನ್ನೂ ದುರಸ್ತಿ ಮಾಡಿ ನಡೆಯುವಂತೆ ಮಾಡಿದ್ದಾರೆ. ಬರೀ ಮನೆ ಉಳಿಸಿ ಎಸ್ಟೇಟನ್ನು ಸೈಟು ಮಾಡಿ ಮಾರಿದ್ದರೆ ಇದೆಲ್ಲ ಎಲ್ಲಿರುತ್ತಿತ್ತು?

ರಟ್ಲೆಂಡ್‌ನ ಬರ್ಲಿ-ಆನ್-ದ-ಹಿಲ್ ಕಥೆ ಇನ್ನೂ ಬಣ್ಣದ್ದು. 1690ರ ದಶಕದ ಈ ಮನೆಗೆ 1908ರಲ್ಲಿ ಬೆಂಕಿ ಬಿದ್ದಾಗ ಅತಿಥಿಯಾಗಿದ್ದ ವಿನ್‌ಸ್ಟನ್ ಚರ್ಚಿಲ್ ಕೂಡ ಬೆಂಕಿ ನಂದಿಸಲು ಓಡಾಡಿದ. ಮುಂದೆ ಅದು ಉದ್ಯಮಿ ಅಸಿಲ್ ನಾದಿರ್ ಕೈಸೇರಿತು. ಆತನ ಪಾಲಿ ಪೆಕ್ ಕಂಪನಿ 1990ರಲ್ಲಿ ಮಕಾಡೆ ಬಿತ್ತು. ಕೊನೆಗೆ ಮನೆಗೆ ಗತಿ ಕಾಣಿಸಿದವನು ಮಾರ್ಟಿನ್ನೇ.

ಇದೆಲ್ಲ ಉಳ್ಳವರ ಆಟವಲ್ಲವೇ ಎಂದರೆ, ಹೌದು. ಇಂಥ ಮನೆಯ ಬೆಲೆ ಶಾಲಾ ಮಾಸ್ತರರಿಗೆ ಎಟುಕುವಂಥದ್ದಲ್ಲ. ಕೊಂಡಮೇಲೂ ಉಸಿರಾಡಲು ಅಪ್ಪಣೆ ಬೇಕು: ಸಂರಕ್ಷಿತ ಪಟ್ಟಿಯಲ್ಲಿರುವ ಕಟ್ಟಡದ ಹಳೆಯ ಕಿಟಕಿ ಕಿತ್ತು ಯುಪಿವಿಸಿ ಕೂರಿಸಿದರೆ ಅದು ಕ್ರಿಮಿನಲ್ ಅಪರಾಧ. ಚಳಿಗಾಲದ ಗಾಳಿಗೆ ಪರದೆಯೇ ಗತಿ. ಆದರೂ ಸರ್ಕಾರದ ಬೊಕ್ಕಸಕ್ಕೆ ದೊಡ್ಡ ಹೊರೆಯಾಗದೆ ಕಟ್ಟಡ ಉಳಿಯುವ ಈ ದಾರಿ, ಬಾಗಿಲಿಗೆ ಬೀಗ ಜಡಿದು ಬೋರ್ಡು ನೆಡುವುದಕ್ಕಿಂತ ವಾಸಿ ಎಂದೇ ನನಗನ್ನಿಸುತ್ತದೆ.

ಗಂಟನ್‌ಗೆ ಹೋಗುವವರು ನಾರ್ವಿಚ್‌ನಿಂದ ಕ್ರೋಮರ್ ಕಡೆಯ ರೈಲು ಹತ್ತಬೇಕು. ಎಸ್ಟೇಟಿನ ಹೆಸರಿನ ಸ್ಟೇಷನ್ನೇ ಇದೆ. ಮನೆಗಳು ಖಾಸಗಿ, ಒಳಗೆ ಬಿಡುವುದಿಲ್ಲ. ಪಾರ್ಕಿನೊಳಗೆ ರಾಬರ್ಟ್ ಆಡಮ್ ವಿನ್ಯಾಸದ ಪುಟ್ಟ ಚರ್ಚ್ ಇದೆ, 1769ರದು. ಗ್ರೀಕ್ ಗುಡಿಯೆಂದರೂ ನಂಬುವ ಹಾಗಿರುವ ಅದನ್ನು ಈಗ ಚರ್ಚಸ್ ಕನ್ಸರ್ವೇಶನ್ ಟ್ರಸ್ಟ್ ನೋಡಿಕೊಳ್ಳುತ್ತಿದೆ.